ಮೇಷ್ಟ್ರ ಕೊರಳಿನ ಹಾರ

ಕಳೆದ ವಾರ ನಾನು ಬದುಕಿರುವವರೊಬ್ಬರ ಅಂತಿಮ ದರ್ಶನಕ್ಕೆಂದು ಗುಬ್ಬಿಗೆ ಹೋಗಿದ್ದೆ. ಬರಿಗೈಯಲ್ಲಿ ಅಲ್ಲ. ನಮ್ಮ ತುಮಕೂರಿನ ಶಿರಾ ಗೇಟ್‌ನಲ್ಲಿ ನಿಂತು ಕಟ್ಟಿಸಿಕೊಂಡ ಗುಲಾಬಿ ಹಾರದ ಸಮೇತ.

ಆದದ್ದು ಇಷ್ಟು. ನಮ್ಮ ಹೈಸ್ಕೂಲ್ ಬ್ಯಾಚಿನದೊಂದು ವಾಟ್ಸಾಪ್ ಗ್ರೂಪ್ ಇದೆ. (ಯಾರಿಗಿಲ್ಲ ಹೇಳಿ?) ಅವತ್ತು ಬೆಳಿಗ್ಗೆ ಅದರಲ್ಲಿ ನಮಗೆ ಕನ್ನಡ ಕಲಿಸಿದ ಕೃಷ್ಣಪ್ಪ ಮೇಷ್ಟ್ರ ಫೋಟೋ ಬಂತು. ಕೊರಳಲ್ಲಿ ದಪ್ಪ ಹಾರ. ಕೆಳಗೆ 'ನಮ್ಮೆಲ್ಲರ ಪ್ರೀತಿಯ ಕೃಷ್ಣಪ್ಪ ಮೇಷ್ಟ್ರು' ಎಂದು ಶುರುವಾಗುವ ಉದ್ದನೆಯ ಬರಹ. ಹಾಕಿದ್ದು ಅವರ ಮಗಳು ಸುಧಾ. ಅವಳೂ ನಮ್ಮ ಕ್ಲಾಸ್‌ಮೇಟೇ.

ಕುಣಿಗಲ್‌ನ ನಾಗರಾಜ ಮೊದಲು 'ಓಂ ಶಾಂತಿ' ಹಾಕಿದ. ಆಮೇಲೆ ಕೇಳಬೇಕೆ? ಕೈಮುಗಿದ ಎಮೋಜಿಗಳ ಸಾಲೇ ಸಾಲು. ಸಿ.ಎಸ್. ಪುರದ ಕಡೆಯ ಲೆಕ್ಚರರ್ ಒಬ್ಬ 'ತಮ್ಮ ಆದರ್ಶ ನಮಗೆ ದಾರಿದೀಪ' ಎಂದು ಬರೆದ. ವೆಬ್ ಚಾನೆಲ್ ನಡೆಸುವ ಇನ್ನೊಬ್ಬ ಸುಮ್ಮನಿರುತ್ತಾನೆಯೇ? ಅದೇ ಫೋಟೋಗೆ ಕಪ್ಪು ಅಂಚು ಕೊಟ್ಟು 'ಆದರ್ಶ ಶಿಕ್ಷಕ ಇನ್ನಿಲ್ಲ' ಎಂದು ಬ್ರೇಕಿಂಗ್ ನ್ಯೂಸ್ ಮಾಡಿಬಿಟ್ಟ. ಯಾರೋ ಅದನ್ನು ಮತ್ತೆ ನಮ್ಮ ಗ್ರೂಪಿಗೇ ತಂದು ಹಾಕಿದರು.

ನನಗೆ ಅದುವರೆಗೆ ಒಂದಿಷ್ಟು ಅನುಮಾನವಿತ್ತು. ಮೇಷ್ಟ್ರು ಈಚೆಗಷ್ಟೇ ಫೋನಿನಲ್ಲಿ ಗಟ್ಟಿಯಾಗಿ ಮಾತಾಡಿದ್ದರಲ್ಲ? ನ್ಯೂಸ್ ನೋಡಿದ ಮೇಲೆ ಅನುಮಾನವೂ ಹೋಯಿತು. ಚಾನೆಲ್‌ಗೆ ಯಾರು ಹೇಳಿದರು? ನಾವು. ನಮಗೆ ಯಾರು ಹೇಳಿದರು? ಚಾನೆಲ್. ಇಂಥ ಹೊತ್ತಲ್ಲಿ ಪಾಪ ಸುಧಾಗೇನು ಫೋನ್ ಮಾಡುವುದು ಎಂದು ಎಲ್ಲರೂ ಸುಮ್ಮನಿದ್ದೆವು.

ನಾಗರಾಜ ಕುಣಿಗಲ್‌ನಿಂದ ಕಾರಲ್ಲಿ ಬಂದು ನನ್ನನ್ನು ಹತ್ತಿಸಿಕೊಂಡ. ದಾರಿಯುದ್ದಕ್ಕೂ ಮೇಷ್ಟ್ರದೇ ಮಾತು. ಪಾಠ ಓದಿಸಿ ಪ್ರಶ್ನೆ ಕೇಳುವರು. ಉತ್ತರ ಸರಿ ಇದ್ದರೂ ಬಿಡುತ್ತಿರಲಿಲ್ಲ. "ಎಲ್ಲೈತೆ? ಬೆಟ್ಟಿಟ್ಟು ತೋರ್ಸ್ಲಾ" ಎನ್ನುವರು. ಪುಸ್ತಕದಲ್ಲಿ ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಬೇಕು. ತೋರಿಸಲಾಗದಿದ್ದರೆ ಅದು ಉತ್ತರವಲ್ಲ, ಕಾಡುಹರಟೆ. ಇದನ್ನೆಲ್ಲ ನೆನೆದು ಇಬ್ಬರೂ ಕಣ್ಣೊರೆಸಿಕೊಂಡೆವು. ಸುಧಾ ಬರೆದದ್ದು ಇಬ್ಬರ ಜೇಬಿನಲ್ಲೂ ಇತ್ತು. ಇಬ್ಬರೂ ಓದಿರಲಿಲ್ಲ.

ಗುಬ್ಬಿಯಲ್ಲಿ ಮನೆಗೆ ಬೀಗ. ಶಾಮಿಯಾನ ಇಲ್ಲ, ಜನ ಇಲ್ಲ. ಬೀದಿಯಲ್ಲಿ ಹಾರ ಹಿಡಿದು ನಿಂತು ಸುಧಾಗೆ ಫೋನ್ ಮಾಡಿದೆ. ಬಾಡಿ ಎಷ್ಟೊತ್ತಿಗೆ ಬರುತ್ತದೆ ಎಂದು ಕೇಳಿದೆ.

ಆಸ್ಪತ್ರೆಯಲ್ಲಿ ಓಡಾಡುತ್ತಿದ್ದ ಅವಳು ಫೋಟೋ ಹಾಕಿದ ಮೇಲೆ ಗ್ರೂಪ್ ತೆರೆದೇ ನೋಡಿರಲಿಲ್ಲ.

"ಬಾಡಿ ಯಾಕೆ ಬರುತ್ತೆ?" ಎಂದಳು. "ಅಪ್ಪಂಗೆ ರಕ್ತ ಬೇಕು ಅಂತ ಹಾಕಿದ್ದು ಕಣೋ. ಯಾರಾದ್ರೂ ಫೋನ್ ಮಾಡ್ತೀರಾ ಅಂತ ಬೆಳಿಗ್ಗೆಯಿಂದ ಕಾಯ್ತಾ ಇದೀನಿ. ನೀವ್ಯಾರೂ ಓದ್ಲೇ ಇಲ್ವಾ?"

ಆಗ ಓದಿದೆ. ಹೊಟ್ಟೆಯೊಳಗೆ ರಕ್ತಸ್ರಾವ, ತುರ್ತು ಆಪರೇಷನ್, ಬಿ ನೆಗೆಟಿವ್ ರಕ್ತ ಸಿಗುತ್ತಿಲ್ಲ, ದಯವಿಟ್ಟು ಬನ್ನಿ. ಆಸ್ಪತ್ರೆಯ ಹೆಸರೂ ಇತ್ತು. ತುಮಕೂರಿನದೇ, ನಮ್ಮ ಮನೆಗೆ ಹತ್ತಿರದ್ದು. 'ಇನ್ನಷ್ಟು ಓದಿ' ಎಂಬುದನ್ನು ಒತ್ತಿದ್ದರೆ ಎಲ್ಲವೂ ಕಾಣುತ್ತಿತ್ತು. ಹಾರ? ಅದು ಅವರು ರಿಟೈರ್ ಆದ ದಿನದ್ದು. ಶಿಷ್ಯರಿಗೆ ಗುರುತು ಸಿಗಲಿ ಎಂದು ಸುಧಾ ಆ ಫೋಟೋ ಆರಿಸಿದ್ದಳು. ಹಾರ ಫೋಟೋದ ಮೇಲಿರಲಿಲ್ಲ, ಮನುಷ್ಯನ ಕೊರಳಲ್ಲಿತ್ತು. ಅಷ್ಟನ್ನೂ ನೋಡದಷ್ಟು ಅವಸರ ಏನಿತ್ತು ನಮಗೆ?

ನಾಗರಾಜ ಕಾರಿಗೆ ಒರಗಿ ನಿಂತುಬಿಟ್ಟ. "ನಂದೇ ಕಣೋ ಬಿ ನೆಗೆಟಿವ್" ಎಂದ.

ವಾಪಸ್ ತುಮಕೂರಿಗೆ ಓಡಿದೆವು. ಅವನು ರಕ್ತ ಕೊಟ್ಟ. ಬೆಳಿಗ್ಗೆ ಆಗಬೇಕಿದ್ದ ಆಪರೇಷನ್ ಸಂಜೆ ಆಯಿತು. ಮೇಷ್ಟ್ರು ಉಳಿದರು. ಅದರಲ್ಲಿ ನಮ್ಮ ಹೆಚ್ಚುಗಾರಿಕೆ ಏನೂ ಇಲ್ಲ. ಅವರ ಆಯಸ್ಸು ಗಟ್ಟಿಯಿತ್ತು, ಅಷ್ಟೇ. ನಾಗರಾಜ ತನ್ನ 'ಓಂ ಶಾಂತಿ'ಯನ್ನು ಡಿಲೀಟ್ ಮಾಡಿದ. ಮಿಕ್ಕವು ಹಾಗೇ ಇವೆ. ಆ ಸುದ್ದಿ ತೆಗಿ ಮಾರಾಯ ಎಂದರೆ ಚಾನೆಲ್‌ನವನು, ತುಂಬಾ ಜನ ಶೇರ್ ಮಾಡವ್ರೆ, ನೋಡ್ತೀನಿ ಬುಡು ಅಂದ.

ಮೊನ್ನೆ ನೋಡಲು ಹೋದೆ. ಮೇಷ್ಟ್ರು ದಿಂಬಿಗೆ ಒರಗಿ, ಕನ್ನಡಕ ಹಾಕಿಕೊಂಡು, ಮಗಳ ಮೊಬೈಲಿನಲ್ಲಿ ತಮ್ಮದೇ ಶ್ರದ್ಧಾಂಜಲಿಗಳನ್ನು ಒಂದೊಂದಾಗಿ ಓದುತ್ತಿದ್ದರು. ಆ ಗ್ರೂಪಿನಲ್ಲಿ ಬಂದದ್ದನ್ನೆಲ್ಲ ಪೂರ್ತಿ ಓದಿದವರು ಅವರೊಬ್ಬರೇ ಇರಬೇಕು. ಸುಧಾ ಬರೆದದ್ದನ್ನು ತೆರೆದು ನನ್ನತ್ತ ಹಿಡಿದರು.

"ನಾನು ಸತ್ತೋದೆ ಅಂತ ಎಲ್ಲೈತಪ್ಪ? ಬೆಟ್ಟಿಟ್ಟು ತೋರ್ಸು."

ಎಲ್ಲಿ ಇಡಲಿ? ಈ ಬೆರಳಿಗೆ ಈಗ ಗೊತ್ತಿರುವುದು ಒಂದೇ ಕೆಲಸ, ಮೊಬೈಲಿನಲ್ಲಿ ಬಂದದ್ದನ್ನು ಮೇಲಕ್ಕೆ ತಳ್ಳುವುದು. ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಸಿಟ್ಟು ಬಂತು. ಅಕ್ಷರ ಕಲಿಯದೆ ಓದದಿದ್ದವರನ್ನು ಕ್ಷಮಿಸಬಹುದು. ಕಲಿತೂ ಓದದ ನಮಗೆ ಏನು ನೆಪವಿದೆ? (ನೀವು ಇಲ್ಲಿವರೆಗೆ ಓದಿದ್ದರೆ, ಥ್ಯಾಂಕ್ಸ್.)

ವಾರ್ಡಿನಲ್ಲೇ ಕೂತು ಗ್ರೂಪಿಗೆ ಬರೆದೆ. ಮೇಷ್ಟ್ರು ಚೇತರಿಸಿಕೊಳ್ಳುತ್ತಿದ್ದಾರೆ, ನಾವೆಲ್ಲ ಓದದೆ ಹೀಗೆ ಮಾಡಿದೆವು, ಬಂದು ಮಾತಾಡಿಸಿ ಎಂದು ವಿವರವಾಗಿ ಬರೆದು, ಹಾಸಿಗೆಯಲ್ಲಿ ಕೂತ ಅವರ ಹೊಸ ಫೋಟೋ ಜೊತೆಗಿಟ್ಟೆ. ಲಿಫ್ಟ್ ಕೆಳಗೆ ಬರುವಷ್ಟರಲ್ಲಿ ಮೊದಲ ಉತ್ತರ ಬಂದಿತ್ತು: 'ಓಂ ಶಾಂತಿ'.

ಈ ಸಲ ಕೊರಳಲ್ಲಿ ಹಾರವೂ ಇರಲಿಲ್ಲ.