ಗರಗಸ ಹಾಕಿದಂತೆ ಮುರಿದ ಮರಗಳು

ಕೊರವಂಗಲದ ಶಿವಗಂಗಮ್ಮ ಯಾರನ್ನೂ ಸುಲಭಕ್ಕೆ ನಂಬುವವರಲ್ಲ. ಕಸಿ ಕಟ್ಟುವ ಕೆಲಸ ಹಿಡಿದು ಮೂವತ್ತು ವರ್ಷವಾದರೂ, ಬೇರೆಯವರು ಕೊಯ್ದು ತಂದ ಕುಡಿಯನ್ನು ಮುಟ್ಟುವುದಿಲ್ಲ. ಯಾವ ಮರದ್ದೋ ಏನೋ ಅನ್ನುತ್ತಾರೆ. ತಮ್ಮ ಚಾಕುವನ್ನು ಮಗಳು ಸೌಜನ್ಯಳ ಕೈಗೂ ಕೊಡುವುದಿಲ್ಲ. ದುದ್ದದ ಸುತ್ತಮುತ್ತ ಸಪೋಟ ಕಸಿಯಲ್ಲಿ ಅವರದು ಎತ್ತಿದ ಕೈ. ಖಿರ್ನಿ ಅನ್ನುವ ಕಾಡುಗಿಡದ ಸಸಿ ಬೆಳೆಸಿ, ಅದರ ಬುಡದ ಮೇಲೆ ಸಪೋಟದ ಕುಡಿ ಕೂರಿಸುತ್ತಾರೆ. ಬೇರು ಖಿರ್ನಿಯದು, ಹಣ್ಣು ಸಪೋಟದ್ದು. ಎರಡೂ ಹತ್ತಿರದ ನೆಂಟರು, ಚೆನ್ನಾಗಿ ಕೂಡಿಕೊಳ್ಳುತ್ತವೆ.

ಹೋದ ವರ್ಷ ಏಪ್ರಿಲ್‌ನಲ್ಲಿ ಹಳೇಕೋಟೆಯ ರವೀಂದ್ರ ಫೋನ್ ಮಾಡಿದರು. ಎಂಟು ವರ್ಷದ ಕೆಳಗೆ ಅವರ ತೋಟಕ್ಕೆ ನಲವತ್ತು ಸಪೋಟ ಗಿಡ ಕೊಟ್ಟವರು ಶಿವಗಂಗಮ್ಮನೇ. ರವೀಂದ್ರ ಮನೆಮಂದಿಯ ಜೊತೆ ಚನ್ನರಾಯಪಟ್ಟಣಕ್ಕೆ ಮದುವೆಗೆ ಹೋಗಿ ಎರಡು ದಿನ ಬಿಟ್ಟು ಬಂದರೆ, ಒಂಬತ್ತು ಮರ ನೆಲಕ್ಕೆ ಬಿದ್ದಿದ್ದವು. ಎಲ್ಲವೂ ಮೊಣಕಾಲಿಗಿಂತ ಕೆಳಗೆ, ಗರಗಸ ಹಾಕಿದ ಹಾಗೆ ನುಣ್ಣಗೆ ತುಂಡಾಗಿದ್ದವು. ಪಕ್ಕದ ಹೊಲದ ದೇವಯ್ಯನ ಜೊತೆ ಬದುವಿನ ವಿಚಾರಕ್ಕೆ ಅವರಿಗೆ ಜಗಳವಿತ್ತು. ಇದು ಅವನದೇ ಕೆಲಸ ಅಂತ ರವೀಂದ್ರ ತೀರ್ಮಾನಿಸಿಯಾಗಿತ್ತು. ಪೊಲೀಸರಿಗೆ ದೂರು ಕೊಡುವ ಮೊದಲು ಶಿವಗಂಗಮ್ಮ ಬಂದು ನೋಡಿ, ಕೊಯ್ದದ್ದು ಹೌದು ಅಂತ ಹೇಳಲಿ ಅನ್ನುವುದು ಅವರ ಆಸೆ.

ಶಿವಗಂಗಮ್ಮನಿಗೂ ಬಸ್ಸಿನಲ್ಲಿ ದೇವಯ್ಯನ ಮೇಲೇ ಅನುಮಾನ. ತೋಟಕ್ಕೆ ಕಾಲಿಟ್ಟಾಗ ದೇವಯ್ಯ ಬದುವಿನ ಮೇಲೆ ಕೈಕಟ್ಟಿ ನಿಂತಿದ್ದ. ಇವರನ್ನು ನೋಡಿದ್ದೇ ತಿರುಗಿ ಹೋದ. ತಪ್ಪು ಮಾಡದವನು ಯಾಕೆ ಹೋಗಬೇಕು ಅಂದುಕೊಂಡರು.

ಆದರೆ ಬುಡದ ಹತ್ತಿರ ಕೂತು ನೋಡಿದರೆ ಮರದ ಹೊಟ್ಟಿನ ಒಂದು ಚೂರೂ ಇರಲಿಲ್ಲ. ಗರಗಸದ ಹಲ್ಲಿನ ಗೆರೆಯೂ ಇಲ್ಲ. ಮರ ಮುರಿದದ್ದು ಸರಿಯಾಗಿ ಕಸಿ ಕಟ್ಟಿದ ಜಾಗದಲ್ಲೇ. ಅದರ ಮೇಲೆ ಕಾಂಡ ಮಡಕೆಯಂತೆ ಊದಿಕೊಂಡಿತ್ತು, ಒಳಗೆ ಮೇಲಿನ ಮರಕ್ಕೂ ಕೆಳಗಿನದಕ್ಕೂ ನಡುವೆ ಕಂದು ಬಣ್ಣದ ಪೊರೆ ಬೆಳೆದಿತ್ತು. ಒಂದು ಬುಡದಿಂದ ಚಿಗುರು ಬಂದಿತ್ತು. ಎಲೆ ಕಿತ್ತು ನೋಡಿದರು. ಅಗಲವಾದ ಎಲೆ. ಸಪೋಟದ ಜೊತೆ ಸರಿಯಾಗಿ ಕೂಡಿಕೊಳ್ಳದ ಹಿಪ್ಪೆ ಮರ.

ರವೀಂದ್ರನಿಗೆ ಗಿಡ ಕೊಟ್ಟ ವರ್ಷ ಶಿವಗಂಗಮ್ಮನ ಖಿರ್ನಿ ಸಸಿಗಳೆಲ್ಲ ಬುಡ ಕೊಳೆತು ಸತ್ತಿದ್ದವು. ಹಾಸನದಲ್ಲಿ ಟೆಂಪೊದಲ್ಲಿ ಗಿಡ ತಂದಿದ್ದವನೊಬ್ಬ ಖಿರ್ನಿ ಅಂತ ಆಣೆ ಮಾಡಿ ಸಸಿ ಕೊಟ್ಟ. ಎಲೆ ಸ್ವಲ್ಪ ಅಗಲ ಅನ್ನಿಸಿತ್ತು. ಗಿಡ ಕೊಡುತ್ತೇನೆಂದ ದಿನ ಹತ್ತಿರ ಬಂದಿತ್ತು, ಎಳೆಯ ಸಸಿ ಹಾಗೇ ಇರುತ್ತೆ ಅಂತ ತಮಗೆ ತಾವೇ ಹೇಳಿಕೊಂಡು ಕಟ್ಟಿಬಿಟ್ಟಿದ್ದರು. ಜಗತ್ತನ್ನೆಲ್ಲ ಅನುಮಾನಿಸುವವರು ಅವತ್ತು ತಮ್ಮ ಕಣ್ಣಿಗೆ ಬಿದ್ದದ್ದನ್ನೇ ನಂಬಿರಲಿಲ್ಲ.

ಸುಮ್ಮನಿದ್ದರೂ ನಡೆಯುತ್ತಿತ್ತು. ರವೀಂದ್ರನಿಗೆ ಬೇಕಾದ ಕಳ್ಳ ಆಗಲೇ ಸಿಕ್ಕಿದ್ದ. ಶಿವಗಂಗಮ್ಮ ಆ ಎಲೆಯನ್ನು ಕೈಯಲ್ಲಿ ಹಿಡಿದೇ ಎದ್ದರು.

"ಕೊಯ್ದಿರದೇ ಅಲ್ವೇನಮ್ಮ?" ರವೀಂದ್ರ ಕೇಳಿದರು.

"ಅಲ್ಲ ಕಣಪ್ಪ. ನೀವಿಲ್ದಾಗ ಬೀಸಿದ ಗಾಳಿಗೆ ಮುರ್ದಿರದು. ಬುಡದಾಗಿರದು ಖಿರ್ನಿ ಅಲ್ಲ, ಇಪ್ಪೆ. ತಪ್ಪು ನಂದು."

ರವೀಂದ್ರ ಶಿವಗಂಗಮ್ಮನ ಮುಖವನ್ನೇ ನೋಡಿದರು. "ದೇವಯ್ಯ ಏನಾರ ನಿಮ್ಮನೆ ತಾವ ಬಂದು ಇಂಗೇಳಿ ಅಂದಿದ್ನಾ?"

ಶಿವಗಂಗಮ್ಮನಿಗೆ ಅಳು ಬರುವಷ್ಟು ಸಿಟ್ಟು ಬಂತು. ನಿಂತಿದ್ದ ಮರಗಳಲ್ಲಿ ಕಸಿಯ ಗಂಟು ತೀರಾ ಊದಿದ್ದ ಒಂದನ್ನು ತೋರಿಸಿ, ಭುಜ ಕೊಟ್ಟು ನೂಕಲು ಹೇಳಿದರು. ಕಾಯಿ ತುಂಬಿದ್ದ ಮರ. ರವೀಂದ್ರ ಅರೆಮನಸ್ಸಿನಿಂದ ಎರಡು ಸಲ ನೂಕಿದರು. ಮೂರನೆಯ ಸಲಕ್ಕೆ ಮರ ಟಕ್ಕಂತ ಮುರಿದು, ಅವರೂ ಅದರ ಮೇಲೇ ಬಿದ್ದರು. ಎದ್ದು ನೋಡಿದರೆ ಅದೇ ನುಣ್ಣನೆಯ ತುಂಡು, ಅದೇ ಕಂದು ಪೊರೆ. ದೂರಿನ ಮಾತು ಅಲ್ಲಿಗೆ ನಿಂತಿತು.

ಉಳಿದ ಮೂವತ್ತು ಮರಕ್ಕೂ ಶಿವಗಂಗಮ್ಮ ಊರುಗೋಲು ಕಟ್ಟಿಸಿದರು. ಮುಂಗಾರಿನಲ್ಲಿ ಒಂದೊಂದರ ಪಕ್ಕ ಎರಡೆರಡು ಖಿರ್ನಿ ಸಸಿ ನೆಟ್ಟು, ಅವುಗಳ ತಲೆ ಕತ್ತರಿಸಿ, ಊದಿದ ಗಂಟಿನ ಮೇಲೆ ಸಪೋಟದ ಕಾಂಡಕ್ಕೇ ಸೇರಿಸಿ ಕಟ್ಟಿದರು. ಕೂಡಿಕೊಂಡರೆ ಮರಕ್ಕೆ ಹೊಸ ಕಾಲು ಬಂದಂತೆ. ಈ ಸಲ ಪ್ರತಿ ಸಸಿಯೂ ಅವರೇ ಬೀಜ ಹಾಕಿ ಬೆಳೆಸಿದ್ದು. ಎಂಟು ವರ್ಷದ ಕೆಳಗೆ ಹಿಪ್ಪೆ ಬುಡದ ಗಿಡ ಒಯ್ದಿದ್ದ ಇನ್ನೆರಡು ಮನೆಗೂ ಹೋಗಿ ವಿಷಯ ಹೇಳಿ ಬಂದರು.

ದೇವಯ್ಯನ ಮನೆಗೂ ಹೋದರು. ಅವನು ಒಳಗೆ ಕರೆಯಲಿಲ್ಲ.

"ಅವ್ನು ನನ್ ಮ್ಯಾಲೆ ಅನುಮಾನ ಪಟ್ಟಿದ್ದು ಗೊತ್ತು. ನೀವೂ ಅವತ್ತು ಅಂಗೇ ನೋಡುದ್ರಿ ಕಣಮ್ಮ" ಅಂದ.

ಹೌದು ಅಂತ ಒಪ್ಪಿಕೊಂಡು ಬಂದರು.

ಈ ಫೆಬ್ರವರಿಯಲ್ಲಿ ಕಟ್ಟು ಬಿಚ್ಚಿದಾಗ ಇಪ್ಪತ್ತೊಂದು ಮರ ಕೂಡಿಕೊಂಡಿದ್ದವು, ಆರರ ಪಕ್ಕದ ಸಸಿಗಳು ಒಣಗಿದ್ದವು, ಮೂರರ ವಿಷಯ ಇನ್ನೂ ಹೇಳುವ ಹಾಗಿರಲಿಲ್ಲ. ದೇವಯ್ಯ ಬದು ದಾಟಿ ಬಂದು, ಯಾರೂ ಕರೆಯದಿದ್ದರೂ, ಶಿವಗಂಗಮ್ಮ ದಾರ ಕತ್ತರಿಸುವಾಗ ಮರ ಅಲ್ಲಾಡದಂತೆ ಹಿಡಿದುಕೊಂಡ. ರವೀಂದ್ರನ ಹೆಂಡತಿ ಕಾಫಿ ತಂದರು. ಮನೆಯಲ್ಲಿ ಕುಡಿದು ಬಂದಿದೀನಿ ಅಂದ ದೇವಯ್ಯ, ಮುಂದಿನ ಮರದ ಹತ್ತಿರ ಹೋಗಿ ನಿಂತ.