ನಂಜಮ್ಮ ತರುತ್ತಿದ್ದ ಜೋಳ

ಇವತ್ತು ಬೆಳಿಗ್ಗೆ ಜಗಲಿಯಲ್ಲಿ ಕೂತು ಹುಳುವಿಗೆ ಸೊಪ್ಪು ಹೆಚ್ಚುತ್ತಿದ್ದಾಗ ತಲೆಯ ಮೇಲೆ ಒಂದು ಕಡ್ಡಿ ಬಿತ್ತು. ಮೇಲೆ ನೋಡಿದರೆ ಪಾರಿವಾಳ. ತೊಲೆಗೆ ಸಿಕ್ಕಿಸಿದ ಹಳೆಯ ಚಂದ್ರಿಕೆಯಲ್ಲಿ ಮತ್ತೆ ಸಂಸಾರ ಹೂಡುತ್ತಿದೆ. ಚಂದ್ರಿಕೆ ಅಂದರೆ ರೇಷ್ಮೆ ಹುಳು ಗೂಡು ಕಟ್ಟುವ ಬಿದಿರಿನ ತಟ್ಟಿ. ಈ ಹಕ್ಕಿಗೆ ಬಾಡಿಗೆಯಿಲ್ಲದ ಮನೆ.

ಹುಳು ಸಾಕುವವರಿಗೆ ಅನುಮಾನ ಜಾಸ್ತಿ. ಹೊರಗಿನವರು ಕಾಲಿಟ್ಟರೆ ರೋಗ ಬಂತೆಂದೇ ಲೆಕ್ಕ. ಹೋದ ವರ್ಷ ಇಲ್ಲೇ ಎರಡು ಮರಿಯಾದಾಗ ನಾನು ಮೊದಲು ಅನುಮಾನಪಟ್ಟಿದ್ದು ಅವುಗಳ ಅಪ್ಪನ ಮೇಲೆ. ಕಣ್ಣು ಬಿಡದ, ಹಳದಿ ಕೂದಲಿನ ಮರಿಗಳು. ಚೆನ್ನಾಗಿದ್ದವು ಅಂದರೆ ಸುಳ್ಳಾಗುತ್ತದೆ. ಗಂಡು ಅವುಗಳ ಕೊಕ್ಕನ್ನು ತನ್ನ ಬಾಯೊಳಗೆ ಎಳೆದುಕೊಂಡು ಅಲ್ಲಾಡಿಸುತ್ತಿತ್ತು. ನುಂಗುತ್ತಿದೆ ಎಂದು ಪೊರಕೆ ತಂದೆ. ಅಷ್ಟರಲ್ಲಿ ಹೆಣ್ಣೂ ಬಂದು ಹಾಗೇ ಮಾಡಿತು. ಎರಡೂ ಗಂಟಲಿನಿಂದ ಹಾಲಿನಂಥದ್ದನ್ನು ಕಕ್ಕಿ ಉಣಿಸುತ್ತವೆ ಎಂದು ಆಗ ತಿಳಿಯಿತು. ಪೊರಕೆ ಇಟ್ಟು, ಬೆಕ್ಕು ಹತ್ತದಂತೆ ಕಂಬಕ್ಕೆ ಜಾಲಿ ಮುಳ್ಳು ಕಟ್ಟಿದೆ.

ಬೆಕ್ಕಿಗೆ ಮುಳ್ಳಾಯಿತು. ಪಕ್ಕದ ಮನೆಯ ನಂಜಮ್ಮನಿಗೇನು ಕಟ್ಟುವುದು?

ಅವಳ ಗಂಡ ಮುನಿಶಾಮಿಗೆ ಲಕ್ವ ಹೊಡೆದು ಬಲಗೈ ಬಿದ್ದಿತ್ತು. ಲಕ್ವಕ್ಕೆ ಪಾರಿವಾಳದ ಸಾರು ಕುಡಿಸಬೇಕೆಂದು ನಮ್ಮ ಸಾದಲಿಯಲ್ಲಿ ಹೇಳದವರಿಲ್ಲ. ಮರಿಯಾದಾಗಿನಿಂದ ನಂಜಮ್ಮ ದಿನವೂ ಸಂಜೆ ಸೆರಗಿನಲ್ಲಿ ಒಂದಿಷ್ಟು ಜೋಳ ತರತೊಡಗಿದಳು. ಅಂಗಳಕ್ಕೆ ಚೆಲ್ಲಿ, ಮೇಲೆ ನೋಡಿ ಕೇಳುವಳು: “ಮರಿ ದಪ್ಪ ಆದ್ವಾ ಅಕ್ಕ?”

ನೀವೇ ಹೇಳಿ, ಸಾರಿನ ಯೋಚನೆಯಿಲ್ಲದವರು ಹೀಗೆ ಕೇಳುತ್ತಾರೆಯೇ? ಪುಕ್ಕ ಬಂತೇ ಅನ್ನಬಹುದು, ಹಾರುತ್ತವೆಯೇ ಅನ್ನಬಹುದು. ನಾನು ತೋಟಕ್ಕೆ ಹೋಗುವುದನ್ನೂ ಬಿಟ್ಟು ಕಾವಲು ಕೂತೆ.

ಒಂದು ಸಂಜೆ ಅವಳು ಬರಲಿಲ್ಲ. ಹೆಣ್ಣು ಪಾರಿವಾಳವೂ ಗೂಡಿಗೆ ಬಂದಿರಲಿಲ್ಲ. ಹೆಪ್ಪಿಗೆ ಮಜ್ಜಿಗೆ ಕೇಳುವ ನೆಪ ಮಾಡಿಕೊಂಡು ನೇರ ಅವಳ ಒಲೆಯ ಹತ್ತಿರ ಹೋದೆ.

ಒಲೆಯ ಮೇಲೆ ಹುರುಳಿ ಸಾರು. ಮುನಿಶಾಮಿ ಗೋಡೆಗೆ ಒರಗಿ ಕೂತಿದ್ದ. ಮುಂದೆ ತಟ್ಟೆ ತುಂಬ ಜೋಳ, ಪಕ್ಕದಲ್ಲಿ ಲೋಟ. ಬಿದ್ದ ಕೈಯ ಎರಡು ಬೆರಳಲ್ಲಿ ಒಂದು ಕಾಳು ಹಿಡಿದು ಲೋಟಕ್ಕೆ ಹಾಕಲು ಹೆಣಗುತ್ತಿದ್ದ. ಕಾಳು ಜಾರಿತು. ಮತ್ತೆ ಹಿಡಿದ.

ಬೆರಳಿಗೆ ಆಸ್ಪತ್ರೆಯವರು ಹೇಳಿಕೊಟ್ಟ ಕೆಲಸವಂತೆ. ನಂಜಮ್ಮ ದನಿ ತಗ್ಗಿಸಿದಳು. “ಎತ್ತಿದ್ದನ್ನೇ ಸುರಿದು ಮತ್ತೆ ಎತ್ತಿ ಅಂದ್ರೆ ಬೇಜಾರಾಗಿ ಬಿಟ್ಬಿಟ್ಟಿದ್ರು ಅಕ್ಕ. ನಿಮ್ಮ ಪಾರಿವಾಳಕ್ಕೆ ಅಂದ್ಮೇಲೆ ಕೂತ್ಕೊತಾರೆ. ಇವತ್ತು ಲೋಟ ಇನ್ನೂ ತುಂಬಿಲ್ಲ.”

ಮುನಿಶಾಮಿ ನನ್ನ ಮುಖ ನೋಡಿದ. ಅವನ ಮಾತೂ ಅರ್ಧ ಬಿದ್ದಿತ್ತು. “ದಪ್ಪ… ಆದ್ವಾ?”

ಆದವು ಅಂದರೆ ಅಲ್ಲಿಗೇ ನಿಲ್ಲಿಸಿಬಿಡುತ್ತಾನೆ ಅನ್ನಿಸಿತು. “ಎಲ್ಲಪ್ಪ, ಸಾಲ್ತಾ ಇಲ್ಲ. ನಾಲ್ಕು ಬಾಯಿ ಅವೆ,” ಅಂದೆ. ಅವನು ಮತ್ತೆ ತಟ್ಟೆಗೆ ಬಗ್ಗಿದ. ನಾನು ಮನೆಗೆ ಬರುವಷ್ಟರಲ್ಲಿ ಹೆಣ್ಣು ಗೂಡಿನಲ್ಲಿತ್ತು.

ಮರಿಗಳು ಹಾರಿಹೋದದ್ದನ್ನು ಬಹಳ ದಿನ ಅವನಿಗೆ ಹೇಳಲಿಲ್ಲ. ತಿಳಿದ ಮೇಲೆ ಅವನು ತಟ್ಟೆಯನ್ನು ಪಕ್ಕಕ್ಕೆ ತಳ್ಳಿದವನು ಮತ್ತೆ ಮುಟ್ಟಿಲ್ಲ.

ಈ ಸಲ ಇನ್ನೂ ಮೊಟ್ಟೆಯೇ ಇಟ್ಟಿಲ್ಲ. ಆದರೂ ಎರಡು ಮನೆಯ ನಡುವಿನ ಗೋಡೆಯ ಹತ್ತಿರ ಹೋಗಿ, ಮರಿಯಾಗಿವೆ, ಹಸಿದಿವೆ ಎಂದು ಮುನಿಶಾಮಿಗೆ ಕೇಳುವಂತೆ ಕೂಗಿ ಹೇಳಿದೆ. ನಂಜಮ್ಮ ಹೊರಗೆ ಬಂದು ಚಂದ್ರಿಕೆ ನೋಡಿದಳು, ನನ್ನನ್ನು ನೋಡಿದಳು. ಅವಳಿಗೆ ಅನುಮಾನ ಬಂದಿದೆ. ಬರಲಿ.