ಕಿಟಕಿ ಗಾಜಿನ ಮೇಲೆ ತಂಗಿಯ ಮಿದುಳು

ರಾಯದುರ್ಗದಲ್ಲಿ ನಮ್ಮದು ಜೀನ್ಸ್ ಪ್ಯಾಂಟ್ ಹೊಲಿಯುವ ಮನೆ. ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ನು, ಹಿಂದೆ ಅಡುಗೆ. ಬಟ್ಟೆ ಕತ್ತರಿಸುವುದು ಅಕ್ಕನಾದ ನಾನು, ಹೊಲಿಯುವುದು ತಂಗಿ, ಉಳಿದ ದಾರ ತೆಗೆದು ಮಡಚುವುದು ಅವ್ವ. ಬಾಯಿ ಮಾಡುವುದೂ ನಾನೇ. ಹೊಲಿಗೆ ತುಸು ಆಚೀಚೆ ಆದರೆ ನನ್ನ ಕೂಗು ಬೀದಿಯ ಕೊನೆಗೂ ಕೇಳುತ್ತಿತ್ತು. ಸುಳ್ಳು ಯಾಕೆ ಹೇಳಲಿ, ಸಿಟ್ಟು ನನಗೆ ಮೂಗಿನ ತುದಿಯಲ್ಲೇ.

ಹೋದ ವರ್ಷ ತಂಗಿ ಮಾತು ಕಡಿಮೆ ಮಾಡಿದಳು. ಆಮೇಲೆ ಊಟ ಬಿಟ್ಟಳು. ಮಿಷನ್ನಿನ ಮುಂದೆ ಕೂತು ಸುಮ್ಮನೆ ಬಟ್ಟೆ ನೋಡುತ್ತಿದ್ದಳು. ಒಮ್ಮೊಮ್ಮೆ ಯಾರೋ ಕರೆದಂತೆ ತಿರುಗುತ್ತಿದ್ದಳು. ಬಳ್ಳಾರಿಯ ಡಾಕ್ಟರಮ್ಮ ಸದ್ಯಕ್ಕೆ ಖಿನ್ನತೆಯ ಗುಳಿಗೆ ಕೊಟ್ಟರು. ಬರೀ ಖಿನ್ನತೆಯೋ, ಸ್ಕಿಜೋಫ್ರೇನಿಯಾದ ಆರಂಭವೋ ಇನ್ನೂ ನೋಡಬೇಕು ಎಂದು ಹೇಳಿ, ತಲೆಯ ಸ್ಕ್ಯಾನನ್ನೂ ಬರೆದರು.

ಸ್ಕ್ಯಾನಿನ ವರದಿಯಲ್ಲಿ ಎಲ್ಲವೂ ನಾರ್ಮಲ್ ಎಂದಿತ್ತು. ಅವ್ವನಿಗೆ ಅಷ್ಟೇ ಸಾಕಾಯಿತು.

"ಏನೂ ಇಲ್ಲಂತ ಅವರ ಬರದಾರ. ಇನ್ನ ಗುಳಿಗಿ ಯಾಕ? ನುಂಗಿ ನುಂಗಿ ಹುಡುಗಿ ಮಂಕಾಗ್ಯಾಳ," ಎಂದು ಗುಳಿಗೆಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಗುಳಿಗೆ ಶುರುವಾದ ಮೇಲೆ ತಂಗಿ ತುಸು ಉಣ್ಣುತ್ತಿದ್ದಳು, ನಿಂತರೆ ಮತ್ತೆ ಅನ್ನ ಬಿಡುತ್ತಾಳೆ ಎಂದು ನನಗೆ ಭಯ. ಕಾಯಿಲೆ ಇದೆ ಎಂದು ಆ ಸ್ಕ್ಯಾನಿನ ಫಿಲಂನಿಂದಲೇ ತೋರಿಸುತ್ತೇನೆ ಎಂದು ಹಟ ಹಿಡಿದೆ.

ಫೋನಿನಲ್ಲಿ ಒಂದು ತೆಲುಗು ವಿಡಿಯೋ ಸಿಕ್ಕಿತು. ಸ್ಕಿಜೋಫ್ರೇನಿಯಾ ಇದ್ದವರ ಮಿದುಳಿನ ನಡುವೆ ನೀರು ತುಂಬಿದ ಜಾಗ ತುಸು ಅಗಲವಂತೆ. ಖಿನ್ನತೆಯಲ್ಲಿ ನೆನಪಿಗೆ ಬೇಕಾದ ಒಂದು ಭಾಗ ತುಸು ಸಣ್ಣದಂತೆ. ಅಳತೆಯ ಮಾತು ಅಂದಮೇಲೆ ನನ್ನನ್ನು ಹಿಡಿಯುವವರು ಯಾರು! ತಲೆನೋವಿಗೆಂದು ಹಿಂದೊಮ್ಮೆ ನನಗೂ ಸ್ಕ್ಯಾನ್ ಆಗಿತ್ತು. ನಮ್ಮಿಬ್ಬರ ಫಿಲಂಗಳನ್ನೂ ಕಿಟಕಿ ಗಾಜಿಗೆ ಅಂಟಿಸಿದೆ. ಬಿಸಿಲಿಗೆ ಎರಡೂ ತಲೆಗಳೊಳಗೆ ಆ ನೀರಿನ ಜಾಗ ಕಪ್ಪು ಚಿಟ್ಟೆಯಂತೆ ಎದ್ದು ಕಂಡಿತು. ಅಯ್ಯ ಶಿವನೇ, ನಮ್ಮೊಳಗೆ ಇಂಥದ್ದೊಂದು ಇದೆಯೇ ಎಂದು ಬಹಳ ಹೊತ್ತು ನೋಡುತ್ತ ನಿಂತೆ. ಆಮೇಲೆ ಕೊರಳಿನ ಟೇಪು ತೆಗೆದು ಅಳೆದೆ. ಅಗಲವಾಗಿದ್ದದ್ದು ನನ್ನದು!

ಹಾಗಾದರೆ ಕಾಯಿಲೆ ನನಗೋ? ಎರಡೂ ಫಿಲಂ ಬಗಲಲ್ಲಿಟ್ಟುಕೊಂಡು, ಅವ್ವನನ್ನೂ ತಂಗಿಯನ್ನೂ ಎಳೆದುಕೊಂಡು ಬಳ್ಳಾರಿ ಬಸ್ಸು ಹತ್ತಿದೆ.

ನಾನು ಅಳೆದ ಕಥೆ ಕೇಳಿ ಡಾಕ್ಟರಮ್ಮ ನಕ್ಕೇಬಿಟ್ಟರು. "ಟೇಪ್ ಹಚ್ಚಿ ಅಳದ್ರೇನು? ಒಂದೊಂದು ಫಿಲಂ ಒಂದೊಂದು ಸೈಜಿನಾಗ ಪ್ರಿಂಟ್ ಆಗಿರ್ತೈತ್ರಿ. ಸರಿಯಾಗಿ ಅಳದ್ರೂ ಒಬ್ಬರ ಫಿಲಂ ನೋಡಿ ಕಾಯಿಲಿ ಹೇಳಾಕ ಬರಂಗಿಲ್ಲ. ನೂರಾರು ಮಂದೀದು ಒಟ್ಟು ಮಾಡಿ ನೋಡಿದಾಗ ಮಾತ್ರ ಆ ಸಣ್ಣ ಫರಕು ಕಾಣ್ತೈತಿ."

ನನಗೆ ಥಟ್ಟನೆ ಹೊಳೆಯಿತು. "ಅಂದ್ರ, ಸೊಂಟ ಮೂವತ್ತೆರಡು ಅಂತ ಚೀಟಿ ಬಂದ್ರ ಅದು ಗಂಡಸಿಂದೋ ಹೆಂಗಸಿಂದೋ ಹೇಳಾಕ ಆಗಂಗಿಲ್ಲಲ್ಲ, ಹಂಗೇನ್ರಿ?"

"ಹಂಗೇ ನೋಡ್ರಿ! ಸ್ಕ್ಯಾನ್ ಬರದಿದ್ದು ಗಡ್ಡೆ ಗಿಡ್ಡೆ ಐತೇನಂತ ನೋಡಾಕ. ಕಾಯಿಲಿ ಯಾವುದಂತ ಗೊತ್ತಾಗಬೇಕಂದ್ರ ಈಕಿ ಬಾಯಿ ಬಿಡಬೇಕು. ಕೇಳಿದಾಗೆಲ್ಲ ಏನೂ ಇಲ್ಲ ಅಂತಾಳ."

ಥೂ ನನ್ನ! ಇಷ್ಟು ದಿನ ಅವಳ ತಲೆಯ ಚಿತ್ರ ನೋಡಿದ್ದೇ ನೋಡಿದ್ದು, ಅವಳನ್ನು ಒಂದು ಮಾತು ಕೇಳಿರಲಿಲ್ಲ. ತಂಗಿಯ ಕೈ ಹಿಡಿದೆ.

"ಯಾರರ ಮಾತಾಡಿದಂಗ ಕೇಳತೈತೇನ?"

ಅವಳು ನೆಲ ನೋಡಿದಳು. "ಹ್ಞೂಂ."

"ಏನಂತಾರ?"

"ಹೊಲಿಗಿ ಸೊಟ್ಟ ಆತು, ಬಿಚ್ಚು. ಯಾತಕ್ಕೂ ಬಾರದಾಕಿ ನೀನು, ಅಂತ."

"ಯಾರ ದನಿ ಅದು?"

"ನಿಂದ, ಅಕ್ಕ. ನೀ ಮನ್ಯಾಗ ಇಲ್ಲದಾಗೂ ಕೇಳತೈತಿ. ಯಾವುದು ನೀ ಬೈದದ್ದು, ಯಾವುದು ಅದು ಅಂತ ಗೊತ್ತಾಗಂಗಿಲ್ಲ. ಹೇಳಿದ್ರ ನೀ ನೊಂದ್ಕೋತಿ ಅಂತ ಸುಮ್ಮನಿದ್ದೆ."

ನಾಚಿಕೆಗೂ ದುಃಖಕ್ಕೂ ಅಲ್ಲೇ ಅತ್ತೆ. ನನ್ನ ಬೈಗುಳದಿಂದ ಬಂದ ಕಾಯಿಲೆ ಇದಲ್ಲ ಎಂದು ಡಾಕ್ಟರಮ್ಮ ಎರಡೆರಡು ಸಲ ಹೇಳಿ, ಗುಳಿಗೆ ಬದಲಿಸಿ ಬರೆದರು. ಮನೆಗೆ ಬಂದ ಮೇಲೆ ಅವ್ವ ತಾನೇ ಗುಳಿಗೆ ಬಿಡಿಸಿ, ನೀರಿನ ಲೋಟದ ಜೊತೆ ಅವಳ ಕೈಗಿಟ್ಟಳು.

ಈಗ ತಂಗಿಗೆ ಏನು ಹೇಳಬೇಕಾದರೂ ಕತ್ತರಿ ಕೆಳಗಿಟ್ಟು, ಎದುರಿಗೆ ಹೋಗಿ ನಿಲ್ಲುತ್ತೇನೆ. ಅವಳು ಮಿಷನ್ನು ನಿಲ್ಲಿಸಿ ನನ್ನ ತುಟಿ ನೋಡುತ್ತಾಳೆ. ತುಟಿ ಅಲ್ಲಾಡಿದರೆ ಮಾತ್ರ ಅದು ನಾನು.